ಮೈಲಸಂದ್ರದ ಇಪ್ಪತ್ತು ಎಕರೆ

2009ರ ಡಿಸೆಂಬರ್ 29ರಂದು ಗಾಯಕ ಸಿ. ಅಶ್ವತ್ಥ್ ಹೋದರು. ಆ ದುಃಖ ಆರುವ ಮುನ್ನವೇ, ಮರುದಿನ ಇನ್ನೂ ಬೆಳಕು ಹರಿಯುವ ಹೊತ್ತಿಗೆ, ಮೈಸೂರಿನಿಂದ ಇನ್ನೊಂದು ಸುದ್ದಿ ಬಂತು. ಹುಟ್ಟಿದ ಊರಿಗೆ ಹೋಗಿದ್ದ ನಟ ವಿಷ್ಣುವರ್ಧನ್ ಅಲ್ಲೇ ಹೃದಯಾಘಾತದಿಂದ ತೀರಿಕೊಂಡಿದ್ದರು. ವಯಸ್ಸು 59. ಅವರ ಚಿತ್ರ 'ಆಪ್ತರಕ್ಷಕ' ಇನ್ನೂ ತೆರೆಗೆ ಬಂದಿರಲಿಲ್ಲ. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಇಟ್ಟಾಗ ಅಲ್ಲಿ ಸೇರಿದ ಜನಕ್ಕೆ ಲೆಕ್ಕವಿರಲಿಲ್ಲ. ನಗರದ ಅಲ್ಲಲ್ಲಿ ಕಲ್ಲು ತೂರಾಟವೂ ನಡೆಯಿತು. 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರು ಹೊತ್ತಿ ಉರಿದದ್ದು, ಪೊಲೀಸ್ ಸಿಬ್ಬಂದಿಯೂ ಸೇರಿ ಹಲವರು ಸತ್ತದ್ದು ಎಲ್ಲರ ನೆನಪಿನಲ್ಲಿ ಹಸಿಯಾಗಿತ್ತು. ಕತ್ತಲಾಗುವುದರೊಳಗೆ ಎಲ್ಲ ಮುಗಿಯಬೇಕೆಂಬ ಆತುರ ಆಡಳಿತಕ್ಕಿದ್ದರೆ ಅದನ್ನು ತಪ್ಪೆನ್ನಲಾಗದು.

ಅಂತ್ಯಕ್ರಿಯೆ ಎಲ್ಲಿ ಎಂಬ ಪ್ರಶ್ನೆ ಬಂದಾಗ ಸಿಕ್ಕ ಉತ್ತರ ಅಭಿಮಾನ್ ಸ್ಟುಡಿಯೋ. ಕೆಂಗೇರಿಯಿಂದ ಉತ್ತರಹಳ್ಳಿಗೆ ಹೋಗುವ ರಸ್ತೆಯಲ್ಲಿ, ಮೈಲಸಂದ್ರ ಗ್ರಾಮದ ಎಲ್ಲೆಯಲ್ಲಿರುವ ಹಳೆಯ ಚಿತ್ರೀಕರಣದ ಜಾಗ. ಅಂದೇ ಸಂಜೆ ಸಕಲ ಸರ್ಕಾರಿ ಗೌರವದೊಂದಿಗೆ ಅಲ್ಲಿ ಅಂತ್ಯಸಂಸ್ಕಾರ ನಡೆಯಿತು. ಕುಶಾಲತೋಪು ಹಾರಿತು. ಸ್ಮಾರಕ ಕಟ್ಟುತ್ತೇವೆ ಎಂಬ ಮಾತು ಸರ್ಕಾರದಿಂದ ಬಂತು. ಎರಡು ಎಕರೆ ಜಾಗದ ಲೆಕ್ಕವೂ ಕೇಳಿಬಂತು. ಅಂದು ಕೇಳಬೇಕಿದ್ದ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ: ಈ ನೆಲ ಯಾರದು?

ಮುಂದಿನ ಹದಿನಾರು ವರ್ಷಗಳ ಕಥೆಯೆಲ್ಲ ಈ ಪ್ರಶ್ನೆಯಿಂದ ಹುಟ್ಟಿದ್ದು. ಸ್ಮಾರಕಕ್ಕೆ ಹಣ ಸಿಗಲಿಲ್ಲ, ಒಬ್ಬ ಮುಖ್ಯಮಂತ್ರಿ ಮನಸ್ಸು ಮಾಡಲಿಲ್ಲ, ಇನ್ನೊಬ್ಬರು ತಡೆದರು ಎಂದು ಜನ ಇಂದಿಗೂ ಮಾತಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಣವಿತ್ತು, ಕಾಲಿಡಲು ಅದಕ್ಕೆ ನೆಲವಿರಲಿಲ್ಲ.

ಆ ನೆಲದ ಕಥೆ ವಿಷ್ಣುವರ್ಧನ್ ನಾಯಕನಟರಾಗುವುದಕ್ಕೂ ಮೊದಲೇ ಶುರುವಾಗುತ್ತದೆ, ಬಾಲಕೃಷ್ಣ ಅವರ ಕನಸಿನಿಂದ.

ಟಿ.ಎನ್. ಬಾಲಕೃಷ್ಣ ಎಂದರೆ ಇಂದಿನ ಮಕ್ಕಳಿಗೆ ತಿಳಿಯಲಿಕ್ಕಿಲ್ಲ. 'ಬಂಗಾರದ ಮನುಷ್ಯ'ದ ರಾಚೂಟಪ್ಪ ಎಂದರೆ ಅವರ ಅಜ್ಜ ಅಜ್ಜಿಯರ ಮುಖ ಅರಳುತ್ತದೆ. ಅರಸೀಕೆರೆಯ ಕಡೆಯವರು, ನಾಟಕದಿಂದ ಬಂದವರು. ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನ ನಟನ ತುಟಿಯ ಚಲನೆ ನೋಡಿ ತಮ್ಮ ಸಂಭಾಷಣೆಯ ಸರದಿ ಹಿಡಿಯುತ್ತಿದ್ದರು, ಆದರೂ ಒಂದು ಮಾತೂ ತಾಳ ತಪ್ಪುತ್ತಿರಲಿಲ್ಲ ಎಂದು ಜೊತೆಯಲ್ಲಿ ನಟಿಸಿದವರು ನೆನೆಯುತ್ತಾರೆ. 1943ರ 'ರಾಧಾರಮಣ'ದಿಂದ ಚಿತ್ರರಂಗಕ್ಕೆ ಬಂದು ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡರು. ಖಳನಾಗಿ ಹೊಟ್ಟೆ ಉರಿಸಿದರು, ಹಾಸ್ಯನಟನಾಗಿ ಹೊಟ್ಟೆ ಹುಣ್ಣಾಗಿಸಿದರು.

ಬಾಲಕೃಷ್ಣರ ತಲೆಮಾರು ಕನ್ನಡ ಚಿತ್ರ ತೆಗೆಯಲು ಮದರಾಸಿಗೆ ಹೋಗಬೇಕಿತ್ತು. ಸ್ಟುಡಿಯೋ ಅಲ್ಲಿ, ಲ್ಯಾಬ್ ಅಲ್ಲಿ, ತಂತ್ರಜ್ಞರು ಅಲ್ಲಿ. ಐವತ್ತರ ದಶಕದ ಕೊನೆಗೆ ಕೈಯಲ್ಲಿ ಕೆಲಸವಿಲ್ಲದೆ ಕುಳಿತಿದ್ದಾಗ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತು ಬಾಲಕೃಷ್ಣ ನಾಲ್ವರೂ ಕೂಡಿ ಕಲಾವಿದರ ಸಂಘ ಕಟ್ಟಿಕೊಂಡು 1960ರಲ್ಲಿ 'ರಣಧೀರ ಕಂಠೀರವ' ತಂದರು. ಕನ್ನಡ ಚಿತ್ರರಂಗ ತನ್ನ ಕಾಲ ಮೇಲೆ ನಿಲ್ಲಬೇಕೆಂಬ ಹಟ ಹೊತ್ತ ನಾಲ್ವರಲ್ಲಿ ಒಬ್ಬರು ಕನ್ನಡದ ನೆಲದಲ್ಲೇ ಒಂದು ಸ್ಟುಡಿಯೋ ಕಟ್ಟಲು ಹೊರಟದ್ದರಲ್ಲಿ ಆಶ್ಚರ್ಯವೇನಿದೆ? 1966ರಲ್ಲಿ ಸರ್ಕಾರವೇ ಕಂಠೀರವ ಸ್ಟುಡಿಯೋ ಸಂಸ್ಥೆಯನ್ನು ಆರಂಭಿಸಿತ್ತು. ಬಾಲಕೃಷ್ಣ ಒಬ್ಬ ನಟನ ಸಂಪಾದನೆಯನ್ನೇ ನೆಚ್ಚಿಕೊಂಡು ಇನ್ನೊಂದಕ್ಕೆ ಕೈ ಹಾಕಿದರು. ಅರವತ್ತರ ದಶಕದ ಕೊನೆಗೆ ಸರ್ಕಾರ ಅವರಿಗೆ ಕೆಂಗೇರಿ ಹೋಬಳಿಯ ಮೈಲಸಂದ್ರದಲ್ಲಿ 20 ಎಕರೆ ಕೊಟ್ಟಿತು. ಅದಕ್ಕೆ ಅವರು ಅಭಿಮಾನ್ ಎಂದು ಹೆಸರಿಟ್ಟರು.

ಕೊಟ್ಟದ್ದು ಅರಣ್ಯದ ಜಮೀನು. ಇದನ್ನು ಮರೆಯಬಾರದು. ತುರಹಳ್ಳಿ ಕಾಡಿನ ಮಗ್ಗುಲಿನ ಆ ಬಂಡೆ-ಕುರುಚಲು ನೆಲಕ್ಕೆ ಆಗ ಬೆಲೆ ಕಟ್ಟುವವರು ಯಾರೂ ಇರಲಿಲ್ಲ. ಕೆಂಗೇರಿ ಎಂದರೆ ಮೈಸೂರು ರಸ್ತೆಯ ಒಂದು ಊರು, ವೃಷಭಾವತಿಯಲ್ಲಿ ಇನ್ನೂ ಸ್ನಾನ ಮಾಡಬಹುದಾಗಿದ್ದ ಕಾಲ. ಸರ್ಕಾರಿ ಮಂಜೂರಾತಿ ಎಂಬುದು ಕ್ರಯಪತ್ರವಲ್ಲ, ಷರತ್ತಿನ ಮೇಲೆ ಕೊಟ್ಟ ನಂಬಿಕೆ. ಯಾವ ಉದ್ದೇಶಕ್ಕೆ ಕೊಟ್ಟಿತೋ ಅದಕ್ಕೇ ಬಳಸಬೇಕು, ಪರಭಾರೆ ಮಾಡಬಾರದು, ತಪ್ಪಿದರೆ ಜಿಲ್ಲಾಧಿಕಾರಿ ಜಮೀನನ್ನು ಮರಳಿ ಪಡೆಯಬಹುದು. ಕಂದಾಯ ಇಲಾಖೆಯ ಹಳೆಯ ಗುಮಾಸ್ತರಿಗೆ ಇದು ಬಾಯಿಪಾಠ. ದರಖಾಸ್ತು ಜಮೀನು ಪಡೆದ ಬಡ ರೈತನಿಗೂ ಈ ಮಾತು ಗೊತ್ತು.

ಸ್ಟುಡಿಯೋ ಎದ್ದಿತು, ಚಿತ್ರೀಕರಣಗಳೂ ನಡೆದವು. ಆದರೆ ಅದು ಬಾಲಕೃಷ್ಣರ ಕೈಯಲ್ಲಿದ್ದುದನ್ನೆಲ್ಲ ನುಂಗಿತು. ಸಾಲ ಬೆಳೆಯಿತು. ಹೊರಾಂಗಣ ಚಿತ್ರೀಕರಣದ ಕಾಲ ಬಂದು ಒಳಾಂಗಣದ ಫ್ಲೋರ್‌ಗಳಿಗೆ ಬೇಡಿಕೆ ಕುಸಿಯಿತು. 1995ರಲ್ಲಿ ಅವರು ಕಣ್ಣು ಮುಚ್ಚಿದಾಗ ಕನಸು ಅರ್ಧಕ್ಕೇ ನಿಂತಿತ್ತು. ಆಮೇಲೆ ಅರ್ಧದಷ್ಟು, ಅಂದರೆ 10 ಎಕರೆ, ಕೈಬದಲಾಯಿತು. ಅದನ್ನು ಮಾರಿದ ಹಣದಲ್ಲಿ ಉಳಿದ 10 ಎಕರೆಯ ಸ್ಟುಡಿಯೋವನ್ನು ಅಭಿವೃದ್ಧಿಪಡಿಸಬೇಕಿತ್ತು, ಅದು ಆಗಲಿಲ್ಲ, ಷರತ್ತು ಮುರಿಯಿತು ಎಂಬುದು ಮುಂದೆ ಅರಣ್ಯ ಇಲಾಖೆ ಎತ್ತಿದ ಆಕ್ಷೇಪ. ಮನೆಯವರ ಕಡೆಯ ನೋವನ್ನೂ ಇಲ್ಲಿ ಹೇಳಬೇಕು. ತಂದೆ ತಮ್ಮ ಆಸ್ತಿಯನ್ನೆಲ್ಲ ಸುರಿದ ಜಾಗ, ಅವರು ಬಿಟ್ಟುಹೋದದ್ದು ಸಾಲ ಮತ್ತು ಈ ನೆಲ. ಒಂದು ಸಂಜೆ ಇಡೀ ನಾಡಿನ ದುಃಖ ಆ ಅಂಗಳಕ್ಕೆ ಬಂದು ನಿಂತಿತು. ಚಿತೆಗೆ ಜಾಗ ಕೊಡುವುದಕ್ಕೂ ಶಾಶ್ವತ ಸ್ಮಾರಕಕ್ಕೆ ಭೂಮಿ ಬಿಟ್ಟುಕೊಡುವುದಕ್ಕೂ ನಡುವೆ ಇರುವ ದೂರವನ್ನು ಆ ಹೊತ್ತಿನಲ್ಲಿ ಅಳೆದವರು ಯಾರು?

ಹೀಗೆ 2010ರಿಂದ ಎರಡು ಕಡತಗಳು ಅಕ್ಕಪಕ್ಕ ಓಡಿದವು. ಒಂದು ಸ್ಮಾರಕದ್ದು, ಇನ್ನೊಂದು ಜಮೀನಿನದ್ದು. ಸರ್ಕಾರದ ಅನುದಾನವೆಂದರೆ ಘೋಷಣೆಯಾದ ದಿನವೇ ಕೈಗೆ ಬರುವ ದುಡ್ಡಲ್ಲ. ಜಾಗ ಕಾಮಗಾರಿ ನಡೆಸುವವರಿಗೆ ಹಸ್ತಾಂತರವಾಗಬೇಕು, ಪಹಣಿಯಲ್ಲಿ ಸ್ಪಷ್ಟವಾಗಬೇಕು, ಅಂದಾಜುಪಟ್ಟಿ ಆಗಬೇಕು, ಟೆಂಡರ್ ಕರೆಯಬೇಕು, ಆಮೇಲೆ ಹಣ. ಮಾರ್ಚ್ 31ರೊಳಗೆ ಖರ್ಚಾಗದ್ದು ಬೊಕ್ಕಸಕ್ಕೆ ವಾಪಸ್. ಖಾಸಗಿಯವರ ಅನುಭವದಲ್ಲಿದ್ದು, ವಾರಸುದಾರರ ನಡುವೆ ತಕರಾರಿದ್ದು, ನ್ಯಾಯಾಲಯದಲ್ಲಿ ವ್ಯಾಜ್ಯವಿರುವ, ಮೂಲದಲ್ಲಿ ಕಾಡಿನದ್ದಾದ ನೆಲದ ಮೇಲೆ ಯಾವ ಇಂಜಿನಿಯರ್ ಗುದ್ದಲಿ ಊರಿಯಾನು? ಪಕ್ಕದಲ್ಲೇ ಬೇರೆ ಎರಡು ಎಕರೆ ನೋಡುವ ಮಾತು ಬಂತು. ಅದೂ ಅರಣ್ಯಕ್ಕೆ ಸೇರಿದ್ದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರವತ್ತರ ದಶಕದ ಧಾರಾಳ ಸಾಧ್ಯವಿರಲಿಲ್ಲ. ಆ ದಾರಿಯೂ ಮುಚ್ಚಿತು.

ಇದೇ ಹೊತ್ತಿಗೆ ನಗರದ ಪಶ್ಚಿಮದ ಇನ್ನೊಂದು ತುದಿಯಲ್ಲಿ ಏನಾಯಿತೆಂದು ನೋಡಿದರೆ ವಿಷಯ ಸಲೀಸಾಗಿ ಅರ್ಥವಾಗುತ್ತದೆ. ರಾಜಾಜಿನಗರ ದಾಟಿ, ಮಹಾಲಕ್ಷ್ಮಿ ಲೇಔಟ್ ಕಳೆದು, ನಂದಿನಿ ಲೇಔಟ್ ಹತ್ತಿರದ ಕಂಠೀರವ ಸ್ಟುಡಿಯೋದಲ್ಲಿ ಎರಡೂವರೆ ಎಕರೆಯಲ್ಲಿ ರಾಜ್‌ಕುಮಾರ್ ಸ್ಮಾರಕ ಎದ್ದುನಿಂತಿತು. 2014ರ ನವೆಂಬರ್ 29ರಂದು ಅದರ ಉದ್ಘಾಟನೆ. ಅಲ್ಲೂ ತಡವಾಗಿತ್ತು, ಎಂಟು ವರ್ಷ ಹಿಡಿಯಿತು. ಆದರೆ ನಿಂತಿತು, ಏಕೆಂದರೆ ಕಂಠೀರವ ಸ್ಟುಡಿಯೋ ಸರ್ಕಾರದ್ದು. ಸರ್ಕಾರ ತನ್ನದೇ ನೆಲದಲ್ಲಿ ತನ್ನದೇ ಹಣ ಹಾಕಿತು. 2018ರಲ್ಲಿ ಅಂಬರೀಷ್ ತೀರಿಕೊಂಡಾಗ ಅಂತ್ಯಸಂಸ್ಕಾರ ಅಲ್ಲೇ ಆಯಿತು, ಅವರ ಸ್ಮಾರಕವೂ 2023ರಲ್ಲಿ ತೆರೆಯಿತು. ರಾಜ್‌ಕುಮಾರ್ ಅವರ ಮಗ ಪುನೀತ್ ಮಲಗಿರುವುದೂ ಅಲ್ಲೇ. ಇಂದು ಹೊರಜಿಲ್ಲೆಗಳಿಂದ ಬೆಂಗಳೂರು ನೋಡಲು ಬರುವ ಕುಟುಂಬಗಳ ಪಟ್ಟಿಯಲ್ಲಿ ಲಾಲ್‌ಬಾಗ್, ವಿಧಾನಸೌಧದ ಜೊತೆ ಕಂಠೀರವ ಸ್ಟುಡಿಯೋ ಇದ್ದೇ ಇರುತ್ತದೆ. ಒಂದು ಸ್ಮಾರಕ ಊರಿಗೆ ಏನು ತರುತ್ತದೆಂದು ನೋಡಬೇಕಾದರೆ ಅಲ್ಲಿನ ಗೇಟಿನ ಮುಂದೆ ಹೂವು ಮಾರುವವರನ್ನು, ಎಳನೀರಿನವರನ್ನು, ಭಾವಚಿತ್ರ ಮಾರುವವರನ್ನು ನೋಡಿದರೆ ಸಾಕು. ಕೆಂಗೇರಿಗೆ ತಪ್ಪಿಹೋದದ್ದು ಅದು.

ವಿಷ್ಣು ಅಭಿಮಾನಿಗಳ ಮನಸ್ಸು ಈ ಹೋಲಿಕೆಯಿಂದಲೇ ಹೆಚ್ಚು ನೊಂದಿತು. ರಾಜ್ ಮತ್ತು ವಿಷ್ಣು ನಡುವೆ ಇತ್ತೆಂದು ಎರಡೂ ಕಡೆಯ ಅಭಿಮಾನಿಗಳು ನಂಬಿಕೊಂಡು ಬಂದ ಪೈಪೋಟಿಯ ಹಳೆಯ ಗಾಯಕ್ಕೆ ಇದು ಉಪ್ಪು ಸವರಿತು. ಬದುಕಿದ್ದಾಗಲೂ ಅನ್ಯಾಯ, ಸತ್ತ ಮೇಲೂ ಅನ್ಯಾಯ ಎಂಬ ಮಾತು ಆಟೋಗಳ ಹಿಂದೆ, ಬ್ಯಾನರ್‌ಗಳ ಮೇಲೆ ಬಂತು. ಆ ನೋವು ನಿಜವಾದದ್ದು. ಕಾರಣವನ್ನು ಅವರು ಹುಡುಕಿದ ಜಾಗ ಮಾತ್ರ ಬೇರೆ. ಕಾರಣವಿದ್ದದ್ದು ತಾಲ್ಲೂಕು ಕಚೇರಿಯ ಕಡತದಲ್ಲಿ.

ಐದಾರು ವರ್ಷ ಕಾದು ಬೇಸತ್ತ ಮೇಲೆ ಭಾರತಿ ವಿಷ್ಣುವರ್ಧನ್ ಸ್ಮಾರಕ ಮೈಸೂರಿನಲ್ಲೇ ಆಗಲಿ ಎಂದರು. ವಿವಾದವಿರುವ ಜಾಗದಲ್ಲಿ ಪತಿಯ ಹೆಸರು ಎಳೆದಾಡುವುದು ಬೇಡ, ಅವರು ಹುಟ್ಟಿದ್ದೂ ಕೊನೆಯುಸಿರೆಳೆದದ್ದೂ ಮೈಸೂರಿನಲ್ಲಿ, ಅಲ್ಲೇ ಇರಲಿ. ಪತ್ನಿಯ ಮಾತಿಗೆ ಎದುರಾಡುವುದು ಹೇಗೆ? ಸರ್ಕಾರ ಒಪ್ಪಿತು. ಅಭಿಮಾನಿಗಳಲ್ಲಿ ದೊಡ್ಡ ಗುಂಪೊಂದು ಒಪ್ಪಲಿಲ್ಲ. ಚಿತೆ ಉರಿದ ಜಾಗವೇ ಪುಣ್ಯಭೂಮಿ, ಬೇರೆ ಕಡೆ ಎಷ್ಟು ದೊಡ್ಡ ಕಟ್ಟಡ ಕಟ್ಟಿದರೂ ಅದು ಕಟ್ಟಡವೇ ಎಂದರು. ನಮ್ಮ ನಾಡಿನಲ್ಲಿ ಗದ್ದುಗೆ ಎಂದರೆ ಏನೆಂದು ಬಲ್ಲವರಿಗೆ ಈ ವಾದ ಬೇರೆ ಯಾರೂ ವಿವರಿಸಬೇಕಿಲ್ಲ. ದೇಹ ಮಣ್ಣಾದ ಜಾಗಕ್ಕೆ ಹೋಗಿ ಕೈಮುಗಿಯುವುದು ನಮ್ಮ ಹಳ್ಳಿಯ ರೂಢಿ. ಮಠದಿಂದ ಹಿಡಿದು ಹೊಲದ ಬದುವಿನ ಅಜ್ಜನ ಸಮಾಧಿಯವರೆಗೆ ಅದೇ.

ಮೈಸೂರಿನಲ್ಲೂ ನೆಲದ ಕಾಟ ತಪ್ಪಲಿಲ್ಲ. ಎಚ್.ಡಿ. ಕೋಟೆ ರಸ್ತೆಯ ಉದ್ಬೂರು ಕಡೆಯ ಹಾಲಾಳು ಗ್ರಾಮದಲ್ಲಿ 5 ಎಕರೆ ಗುರುತಿಸಿದಾಗ ಅಲ್ಲಿ ಉಳುಮೆ ಮಾಡಿಕೊಂಡಿದ್ದ ರೈತರು ಹಕ್ಕು ಕೇಳಿ ನ್ಯಾಯಾಲಯಕ್ಕೆ ಹೋದರು. ಮತ್ತೆ ಕೆಲವು ವರ್ಷ. ಅಂಬರೀಷ್ ಅಂತ್ಯಸಂಸ್ಕಾರದ ದಿನಗಳಲ್ಲಿ ವಿಷ್ಣು ಕುಟುಂಬ ತನ್ನ ಅಳಲನ್ನು ಬಹಿರಂಗವಾಗಿಯೇ ಹೇಳಿಕೊಂಡಿತು. ಜೀವದ ಗೆಳೆಯನಿಗಾದರೂ ಜಾಗ ಸಿಕ್ಕಿತಲ್ಲ ಎಂದು ಜನ ಕಣ್ಣೊರೆಸಿಕೊಂಡರು. ಕೊನೆಗೆ 2020ರ ಸೆಪ್ಟೆಂಬರ್ 15ರಂದು, ಕೋವಿಡ್ ನಡುವೆ, ಮುಖ್ಯಮಂತ್ರಿ ಯಡಿಯೂರಪ್ಪ ಬೆಂಗಳೂರಿನಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಶಂಕುಸ್ಥಾಪನೆ ಮಾಡಿದರು. 2009ರ ಆ ಸಂಜೆ ಮುಖ್ಯಮಂತ್ರಿಯಾಗಿದ್ದವರೂ ಅವರೇ. 2023ರ ಜನವರಿ 29ರಂದು ಬಸವರಾಜ ಬೊಮ್ಮಾಯಿ ಸ್ಮಾರಕವನ್ನು ಉದ್ಘಾಟಿಸಿದರು. ವೆಚ್ಚ ಸುಮಾರು 11 ಕೋಟಿ ರೂಪಾಯಿ. ಒಳಗೆ ಪ್ರತಿಮೆ, ನೂರಾರು ಛಾಯಾಚಿತ್ರಗಳ ಗ್ಯಾಲರಿ, ಸಭಾಂಗಣ. ಚೆನ್ನಾಗಿಯೇ ಕಟ್ಟಿದ್ದಾರೆ. ಕೆಂಗೇರಿಗೆ ಬರಬೇಕಿದ್ದ ಸರ್ಕಾರಿ ಹಣ ಹೀಗೆ ಹದಿಮೂರು ವರ್ಷಕ್ಕೆ ಮೈಸೂರು ಸೇರಿತು.

ಅಷ್ಟರಲ್ಲಿ ಕೆಂಗೇರಿ ಹಳೆಯ ಕೆಂಗೇರಿಯಾಗಿ ಉಳಿದಿರಲಿಲ್ಲ. ನೈಸ್ ರಸ್ತೆ ಬಂದಿತ್ತು, ದೊಡ್ಡ ಆಸ್ಪತ್ರೆ ಬಂದಿತ್ತು, ಉತ್ತರಹಳ್ಳಿ ರಸ್ತೆಯ ಇಕ್ಕೆಲಗಳಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದಿದ್ದವು. 2021ರ ಆಗಸ್ಟ್ ಕೊನೆಯಲ್ಲಿ ಮೆಟ್ರೊ ನೇರಳೆ ಮಾರ್ಗ ಕೆಂಗೇರಿಗೇ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಮುಂದುವರಿಯಿತು. ಒಂದು ಕಾಲದಲ್ಲಿ ನಟನೊಬ್ಬನ ಕೈಗೆ ಕೊಟ್ಟು ಮರೆತಿದ್ದ ಕುರುಚಲು ನೆಲ ಈಗ ಗುಂಟೆ ಲೆಕ್ಕದಲ್ಲಿ ಮಾತಾಡುವ ಸೊತ್ತಾಗಿತ್ತು. ವರ್ಷಕ್ಕೆ ಎರಡು ಸಲ, ಸೆಪ್ಟೆಂಬರ್ 18ರ ಹುಟ್ಟುಹಬ್ಬಕ್ಕೆ ಮತ್ತು ಡಿಸೆಂಬರ್ 30ಕ್ಕೆ, ಊರೂರಿನಿಂದ ಜನ ಬರುತ್ತಿದ್ದರು. ಹೂವಿನ ಅಲಂಕಾರ, ರಕ್ತದಾನ, ಅನ್ನದಾನ. ಮಳೆಗೆ ಮಾಸಿದ ಸಣ್ಣ ಕಟ್ಟೆ ಅದು, ಸರ್ಕಾರದ ಒಂದು ರೂಪಾಯಿಯ ಕಟ್ಟಡವೂ ಅದರ ಸುತ್ತ ಇರಲಿಲ್ಲ. ಆದರೂ ಅವರಿಗೆ ಅದೇ ಸ್ಮಾರಕ.

ಇಲ್ಲಿ ನನಗೆ ಚೆನ್ನೈ ನೆನಪಾಗುತ್ತದೆ. 2018ರ ಆಗಸ್ಟ್ 7ರ ಸಂಜೆ ಕರುಣಾನಿಧಿ ತೀರಿಕೊಂಡಾಗ ಮರೀನಾ ಕಡಲತೀರದಲ್ಲಿ ಜಾಗ ಕೊಡಲು ತಮಿಳುನಾಡು ಸರ್ಕಾರ ಒಪ್ಪಲಿಲ್ಲ. ಡಿಎಂಕೆ ಅಂದು ರಾತ್ರಿಯೇ ಮದ್ರಾಸ್ ಹೈಕೋರ್ಟ್‌ಗೆ ಹೋಯಿತು. ಕರ್ನಾಟಕದವರೇ ಆದ ಹುಲುವಾಡಿ ಜಿ. ರಮೇಶ್ ಅವರಿದ್ದ ಪೀಠ ರಾತ್ರಿ ವಿಚಾರಣೆ ನಡೆಸಿ, ಆಗಸ್ಟ್ 8ರ ಬೆಳಿಗ್ಗೆ ಮುಂದುವರಿಸಿ, ಮರೀನಾದಲ್ಲೇ ಅಂತ್ಯಸಂಸ್ಕಾರಕ್ಕೆ ಅನುಮತಿ ಕೊಟ್ಟಿತು. ಶವ ಮಣ್ಣಿಗೆ ಸೇರುವ ಮೊದಲೇ ಮಣ್ಣಿನ ಪ್ರಶ್ನೆ ಬಗೆಹರಿಯಿತು. ಆ ಬೆಳಿಗ್ಗೆ ಕರುಣಾನಿಧಿ ಕುಟುಂಬಕ್ಕೆ ಅದು ಎಷ್ಟು ಕಠಿಣವಾಗಿದ್ದರೂ, ಆಮೇಲಿನ ಒಂದು ತಲೆಮಾರಿನ ಜಗಳ ತಪ್ಪಿತು. ಮೈಲಸಂದ್ರದಲ್ಲಿ ಆ ಪ್ರಶ್ನೆಯನ್ನು ಚಿತೆ ಆರಿದ ಮೇಲೆ ಕೇಳಲು ಶುರುಮಾಡಿದೆವು.

ಆ ತೀರ್ಪಿಗೆ ಸರಿಯಾಗಿ ಏಳು ವರ್ಷ ತುಂಬಿದ ದಿನ, 2025ರ ಆಗಸ್ಟ್ 8, ಶುಕ್ರವಾರ. ಬೆಳಗಾಗುವುದರೊಳಗೆ ಅಭಿಮಾನ್ ಸ್ಟುಡಿಯೋದ ಸಮಾಧಿಯನ್ನು ನೆಲಸಮ ಮಾಡಲಾಗಿತ್ತು. ಸುದ್ದಿ ಹರಡಿದಂತೆ ಅಭಿಮಾನಿಗಳು ಓಡಿಬಂದರು. ಗೇಟು ಮುಚ್ಚಿತ್ತು, ಪೊಲೀಸರಿದ್ದರು. ಗಟ್ಟಿಮುಟ್ಟಾದ ಗಂಡಸರು ರಸ್ತೆಯಲ್ಲಿ ನಿಂತು ಮಕ್ಕಳಂತೆ ಅತ್ತದ್ದನ್ನು ಟಿವಿಯಲ್ಲಿ ಇಡೀ ನಾಡು ನೋಡಿತು. ನನಗೆ ಆ ಚಿತ್ರ ಇನ್ನೂ ಕಣ್ಣ ಮುಂದಿದೆ. ಕಾನೂನಿನ ಲೆಕ್ಕ ಏನೇ ಇರಲಿ, ಹದಿನೈದು ವರ್ಷ ಜನ ದೀಪ ಹಚ್ಚಿದ ಜಾಗವನ್ನು ಕತ್ತಲಲ್ಲಿ ಒಡೆಯಬಾರದಿತ್ತು.

ಅದಾದ ಮೇಲೆ ಮಾತ್ರ ಆ ಹಳೆಯ ಕಡತ ತೆರೆಯಿತು. ಆಗಸ್ಟ್ ಮುಗಿಯುವುದರೊಳಗೆ ಅರಣ್ಯ ಇಲಾಖೆ ಬೆಂಗಳೂರು ನಗರ ಜಿಲ್ಲಾಧಿಕಾರಿಗೆ ಪತ್ರ ಬರೆಯಿತು: ಮೈಲಸಂದ್ರದ ಈ ಜಮೀನು ಮೂಲದಲ್ಲಿ ಅರಣ್ಯದ್ದು, ಸ್ಟುಡಿಯೋ ಉದ್ದೇಶಕ್ಕೆ ಕೊಟ್ಟದ್ದು, ಷರತ್ತು ಉಲ್ಲಂಘನೆಯಾಗಿದೆ, ಮರಳಿ ಪಡೆಯಬೇಕು. ಸರ್ಕಾರ ಕೊಟ್ಟದ್ದನ್ನು ಸರ್ಕಾರವೇ ಹಿಂಪಡೆಯುವ ಮಾತು. ಇದೇ ಪತ್ರ 2010ರಲ್ಲಿ ಹೋಗಿದ್ದರೆ? ಆಗ ಜಮೀನು ಸರ್ಕಾರದ ಹೆಸರಿಗೆ ಮರಳಿ, ನೆಲದ ಮೇಲೆ ನ್ಯಾಯವಾಗಿ ಒಂದು ಅಂಗಳ ಗುರುತಾಗಿ, ಬಾಲಕೃಷ್ಣರ ಹೆಸರಲ್ಲೂ ಏನಾದರೊಂದು ಅಲ್ಲಿ ಉಳಿಯಬಹುದಿತ್ತು. ಇಡೀ ಪ್ರಕರಣದಲ್ಲಿ ಅವರನ್ನು ನೆನೆದವರು ಕಡಿಮೆ. ಕನ್ನಡಕ್ಕೆ ಸ್ಟುಡಿಯೋ ಕಟ್ಟಲು ಹೋಗಿ ಕೈ ಸುಟ್ಟುಕೊಂಡ ಆ ಹಿರಿಯ ನಟನಿಗೂ ಆ 20 ಎಕರೆಯಲ್ಲಿ ಒಂದು ಫಲಕ ಸಲ್ಲಬೇಕು.

ಸೆಪ್ಟೆಂಬರ್ 11ರಂದು ಸಚಿವ ಸಂಪುಟ ವಿಷ್ಣುವರ್ಧನ್ ಮತ್ತು ಬಿ. ಸರೋಜಾದೇವಿ ಅವರಿಗೆ ಮರಣೋತ್ತರ ಕರ್ನಾಟಕ ರತ್ನ ಘೋಷಿಸಿತು. ನಟ ಸುದೀಪ್ ಕೆಂಗೇರಿಯ ಕಡೆಯಲ್ಲೇ ಅರ್ಧ ಎಕರೆ ಜಾಗದಲ್ಲಿ ದರ್ಶನ ಕೇಂದ್ರವೊಂದನ್ನು ಕಟ್ಟಲು ಅಭಿಮಾನಿಗಳ ಜೊತೆ ಕೈಜೋಡಿಸಿದರು, ಸರ್ಕಾರದ ಹಣಕ್ಕೆ ಕಾಯದೆ. ಸಂಪುಟದ ಘೋಷಣೆಯಾದ ವಾರಕ್ಕೇ ವಿಷ್ಣು ಅವರ 75ನೇ ಹುಟ್ಟುಹಬ್ಬ ಬಂತು.

1973ರಲ್ಲಿ 'ಗಂಧದ ಗುಡಿ' ಬಂದಿತ್ತು. ಕಾಡನ್ನು ಉಳಿಸಲು ಹೊರಟ ಅರಣ್ಯಾಧಿಕಾರಿಯ ಕಥೆ. ರಾಜ್‌ಕುಮಾರ್ ಆ ಅಧಿಕಾರಿ, ಎದುರಿಗೆ ವಿಷ್ಣುವರ್ಧನ್, ಅದೇ ಚಿತ್ರದಲ್ಲಿ ಬಾಲಕೃಷ್ಣ. ಆಗ ಮೈಲಸಂದ್ರದ ಆ ನೆಲ ಬಾಲಕೃಷ್ಣರ ಕೈಗೆ ಬಂದು ಕೆಲವೇ ವರ್ಷವಾಗಿತ್ತು. ಈಗ ಅದು ಮತ್ತೆ ಅರಣ್ಯ ಇಲಾಖೆಯ ಪತ್ರದಲ್ಲಿದೆ.